ಅಮ್ಮನಿಗೆ ಕೀಮೊ ಎಂದು ಎರಡೂವರೆ ವರ್ಷದ ಮಗುವಿಗೆ ಹೇಳಬೇಕೆ?

ಪ್ರಶ್ನೆ: ನಾವು ಮಂಡ್ಯದವರು. ನನಗೆ ಸ್ತನ ಕ್ಯಾನ್ಸರ್ ಇರುವುದು ಹೋದ ತಿಂಗಳು ಗೊತ್ತಾಯಿತು. ಮುಂದಿನ ವಾರದಿಂದ ಮೈಸೂರಿನಲ್ಲಿ ಕೀಮೊ ಶುರು. ಮಗನಿಗೆ ಎರಡೂವರೆ ವರ್ಷ. "ಅಷ್ಟು ಚಿಕ್ಕ ಕೂಸಿಗೆ ಏನು ತಿಳಿದೀತು, ಅಮ್ಮ ಊರಿಗೆ ಹೋಗವ್ಳೆ ಅಂದ್ರಾಯ್ತು" ಅಂತಾರೆ ನಮ್ಮತ್ತೆ. ಅವನಿಗೆ ಹೇಳಬೇಕಾ? ಹೇಗೆ ಹೇಳಲಿ? ಕೀಮೊ ಆದಮೇಲೆ ಅವನನ್ನು ಎತ್ತಿ ಮುದ್ದಾಡಬಹುದಾ?

ಉತ್ತರ: ಹೇಳಿ. ಕ್ಯಾನ್ಸರ್ ಅಂದರೇನು ಎಂದು ಅವನಿಗೆ ತಿಳಿಯುವುದಿಲ್ಲ, ಅಷ್ಟರಮಟ್ಟಿಗೆ ನಿಮ್ಮತ್ತೆಯ ಮಾತು ಸರಿ. ಆದರೆ ಮನೆಯಲ್ಲಿ ಏನೋ ಆಗಿದೆ ಅನ್ನುವುದು ಅವನಿಗೆ ಆಗಲೇ ತಿಳಿದಿರುತ್ತದೆ. ಫೋನು ಬಂದರೆ ಎಲ್ಲರೂ ಹಿತ್ತಲಿಗೆ ಹೋಗಿ ಮಾತಾಡುತ್ತಾರೆ. ತುತ್ತು ಕೊಡುವಾಗ ಅಮ್ಮನ ಕಣ್ಣು ಒದ್ದೆಯಾಗಿರುತ್ತದೆ. ಬಂದ ನೆಂಟರು ಅವನ ತಲೆ ಸವರಿ ಲೊಚಗುಟ್ಟುತ್ತಾರೆ. ನಡೆದದ್ದಕ್ಕೆಲ್ಲ ತಾನೇ ಕಾರಣ ಅಂದುಕೊಳ್ಳುವ ವಯಸ್ಸು ಅದು. ನಾವು ಬಾಯಿ ಬಿಡದಿದ್ದರೆ ಕಾರಣವನ್ನು ಅವನೇ ಹುಡುಕಿಕೊಳ್ಳುತ್ತಾನೆ, ಅದು ಬಹುಪಾಲು ಅವನ ಮೇಲೇ ಬರುತ್ತದೆ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನನಗೆ ಕೀಮೊ ಶುರುವಾದಾಗ ಮಗಳಿಗೆ ಎರಡು ತುಂಬಿ ನಾಲ್ಕು ತಿಂಗಳು. ನಾವಿದ್ದದ್ದು ಮೈಸೂರಿನಲ್ಲೇ. ಮೊದಲ ದಿನ ಬೆಳಗಿನ ಜಾವ ಐದು ಗಂಟೆಗೆ, ಅವಳ ಮುಷ್ಟಿಯಲ್ಲಿದ್ದ ಸೆರಗನ್ನು ಒಂದೊಂದೇ ಬೆರಳು ಬಿಡಿಸಿ ಎಳೆದುಕೊಂಡು, ಸದ್ದಿಲ್ಲದೆ ಹೊರಟುಬಿಟ್ಟೆ. ಮಗು ಅಳಬಾರದು ಅನ್ನುವುದೊಂದೇ ಮನಸ್ಸಿನಲ್ಲಿದ್ದದ್ದು. ಮಾರನೇ ದಿನ ಸಂಜೆ ಬಂದು "ಬಾ ಚಿನ್ನ" ಎಂದು ಕೈಚಾಚಿದರೆ ಅಜ್ಜಿಯ ಸೊಂಟ ಬಿಟ್ಟು ಇಳಿಯಲಿಲ್ಲ, ಮುಖ ತಿರುಗಿಸಿಕೊಂಡಳು. ಆ ರಾತ್ರಿಯಿಂದ ನಿದ್ದೆ ಮಾಡಲು ಒಪ್ಪಲಿಲ್ಲ. ಕಣ್ಣು ಎಳೆಯುತ್ತಿದ್ದರೂ ಸೆರಗನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ನನ್ನನ್ನೇ ನೋಡುತ್ತಿರುತ್ತಿದ್ದಳು. ತಾನು ಕಣ್ಣು ಮುಚ್ಚಿದರೆ ಅಮ್ಮ ಹೋಗುತ್ತಾಳೆ ಎಂದು ಕಲಿತಿದ್ದಳು. ಕಲಿಸಿದವಳು ನಾನೇ. ಎರಡನೇ ಸಲ ಎಬ್ಬಿಸಿ, ಹೇಳಿ ಹೋದೆ. ಗೇಟು ಹಿಡಿದು ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ಬಂದಾಗ ಮಾತ್ರ ಅದೇ ಗೇಟಿಗೆ ಓಡಿ ಬಂದಳು.

ಹೇಳುವ ಮಾತು ನಾಲ್ಕೇ ಸಾಕು. "ಅಮ್ಮನ ಎದೇಲಿ ಒಂದು ಗಂಟಾಗಿದೆ. ಅದಕ್ಕೆ ಕ್ಯಾನ್ಸರ್ ಅಂತಾರೆ. ಅದು ಹೋಗ್ಲಿ ಅಂತ ಡಾಕ್ಟ್ರು ಔಷಧಿ ಹಾಕ್ತಾರೆ. ಅಲ್ಲೀವರ್ಗೂ ಅಜ್ಜಿ ನಿಂಗೆ ಊಟ ಮಾಡಿಸ್ತಾರೆ, ಅಪ್ಪ ಮಲಗಿಸ್ತಾರೆ." ಬರೀ "ಹುಷಾರಿಲ್ಲ" ಅನ್ನಬೇಡಿ. ನೆಗಡಿಗೂ ನಾವು ಅದನ್ನೇ ಅನ್ನುತ್ತೇವೆ. ನಾಳೆ ಅವನಿಗೇ ನೆಗಡಿಯಾದಾಗ ತನ್ನ ಕೂದಲೂ ಉದುರುತ್ತದೆ ಎಂದು ಹೆದರುತ್ತಾನೆ. ಕಾಯಿಲೆಗೆ ಅದರದೇ ಹೆಸರಿರಲಿ. ಹೇಳಿದ್ದನ್ನೇ ದಿನಾ ಕೇಳುತ್ತಾನೆ, ದಿನಾ ಅದನ್ನೇ ಹೇಳಿ.

ಇನ್ನೊಂದು ವಿಷಯವನ್ನು ಮನೆಯವರಿಗೆಲ್ಲ ಕೂರಿಸಿಕೊಂಡು ಹೇಳಬೇಕು. "ನೀನು ತರಲೆ ಮಾಡಿದ್ದಕ್ಕೇ ಅಮ್ಮಂಗೆ ಹಿಂಗಾಗಿರೋದು", "ಗಲಾಟೆ ಮಾಡಿದ್ರೆ ಡಾಕ್ಟ್ರು ಸೂಜಿ ಚುಚ್ತಾರೆ" ಎಂಬ ಮಾತು ಈ ಮನೆಯಲ್ಲಿ ಯಾರ ಬಾಯಲ್ಲೂ ಬರಕೂಡದು. ಮೊದಲನೆಯದನ್ನು ಮಗು ನಿಜ ಅಂತಲೇ ನಂಬುತ್ತದೆ. ಎರಡನೆಯದನ್ನು ಕೇಳಿದ ಮಗುವಿಗೆ ಅಮ್ಮನ ಕೈಗೆ ಸೂಜಿ ಹಾಕಿದ್ದು ಶಿಕ್ಷೆಯಾಗಿ ಕಾಣುತ್ತದೆ. ಹಾಗೆಯೇ ಕ್ಯಾನ್ಸರ್ ಅಂಟುವ ಕಾಯಿಲೆಯಲ್ಲ. ನಿಮ್ಮ ತಟ್ಟೆ, ಲೋಟ ಬೇರೆ ಇಟ್ಟು ಅವನನ್ನು ದೂರ ಕೂರಿಸುವ ಅಗತ್ಯವಿಲ್ಲ.

ಆಸ್ಪತ್ರೆಯಲ್ಲಿ ಉಳಿಯಬೇಕಾಗಿ ಬಂದರೆ "ಮೂರು ದಿನ" ಅಂದದ್ದು ಅವನಿಗೆ ಅರ್ಥವಾಗುವುದಿಲ್ಲ. ಒಂದು ತಟ್ಟೆಯಲ್ಲಿ ಮೂರು ಹುಣಸೆ ಬೀಜ ಇಡಿ. ದಿನಾ ಬೆಳಿಗ್ಗೆ ಎದ್ದಮೇಲೆ ಒಂದನ್ನು ಅವನ ಕೈಯಿಂದಲೇ ಡಬ್ಬಿಗೆ ಹಾಕಿಸಲಿ. ತಟ್ಟೆ ಖಾಲಿಯಾದ ದಿನ ಅಮ್ಮ ಬರುತ್ತಾಳೆ. ವೈದ್ಯರು ಇನ್ನೊಂದು ದಿನ ಇರಿ ಅಂದರೆ ಫೋನಿನಲ್ಲಿ ನೀವೇ ಹೇಳಿ ಇನ್ನೊಂದು ಬೀಜ ಇಡಿಸಿ. ಬೀಜ ಮೂಗಿಗೋ ಬಾಯಿಗೋ ಹೋದೀತು, ದೊಡ್ಡವರೊಬ್ಬರು ಪಕ್ಕದಲ್ಲೇ ಇರಲಿ. ರಾತ್ರಿಗೆ ನೀವು ಉಟ್ಟು ಬಿಟ್ಟ ಹತ್ತಿ ಸೀರೆ ಕೊಡಿ, ಒಗೆಯದೆ.

ಇನ್ನು ಮುದ್ದಾಡುವ ವಿಚಾರ. ಅಪ್ಪಿಕೊಳ್ಳಿ, ಮುತ್ತು ಕೊಡಿ, ಪಕ್ಕದಲ್ಲೇ ಮಲಗಿಸಿಕೊಳ್ಳಿ. ಕೀಮೊ ಔಷಧಿ ಸುಮಾರು 48 ಗಂಟೆ ಮೂತ್ರ, ಮಲ, ವಾಂತಿಯಲ್ಲಿ ಹೊರಗೆ ಬರುತ್ತಿರುತ್ತದೆ. ಆ ಎರಡು ದಿನ ಶೌಚಾಲಯಕ್ಕೆ ಚೆನ್ನಾಗಿ ನೀರು ಹಾಕಿ, ಸೋಪಿನಲ್ಲಿ ಕೈತೊಳೆದು ಅವನನ್ನು ಮುಟ್ಟಿ. ಅವನಿನ್ನೂ ಎದೆಹಾಲು ಕುಡಿಯುತ್ತಿದ್ದರೆ ಕೀಮೊಗೆ ಮುಂಚೆ ಬಿಡಿಸಲೇಬೇಕು. ಇವತ್ತಿನಿಂದಲೇ ಒಂದೊಂದು ಹೊತ್ತು ಕಡಿಮೆ ಮಾಡಿ. ನಿಜವಾಗಿ ಎಚ್ಚರ ಬೇಕಾದದ್ದು ಅವನಿಂದ ನಿಮಗೆ. ಸಾಮಾನ್ಯವಾಗಿ ಕೀಮೊ ಆದ 7ರಿಂದ 14ನೇ ದಿನದ ನಡುವೆ ಸೋಂಕು ತಡೆಯುವ ಬಿಳಿ ರಕ್ತಕಣ ತುಂಬ ಇಳಿದಿರುತ್ತದೆ. ಆಗ ಅವನಿಗೆ ಸಿಂಬಳ, ಭೇದಿ ಇದ್ದರೆ ಒರೆಸುವುದು, ತೊಳೆಯುವುದು ಬೇರೆಯವರ ಕೆಲಸ. ನಿಮಗೆ ಜ್ವರ 100.4 ಡಿಗ್ರಿ ತಲುಪಿದರೆ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಫೋನು ಮಾಡಿ.

ಪೋಲಿಯೊ ಹನಿಯ ವಿಚಾರ ಬಹಳ ಜನಕ್ಕೆ ಹೊಳೆಯುವುದಿಲ್ಲ. ಬಾಯಿಗೆ ಹಾಕುವ ಹನಿಯಲ್ಲಿ ಜೀವಂತ ವೈರಾಣು ಇರುತ್ತದೆ, ಕೆಲವು ವಾರ ಮಗುವಿನ ಮಲದಲ್ಲಿ ಹೊರಬರುತ್ತದೆ. ಪಲ್ಸ್ ಪೋಲಿಯೊ ದಿನ ಹನಿ ಹಾಕಿಸುವ ಮುಂಚೆ ನಿಮ್ಮ ಕ್ಯಾನ್ಸರ್ ವೈದ್ಯರನ್ನೂ ಮಗುವಿನ ವೈದ್ಯರನ್ನೂ ಕೇಳಿ. ಪೋಲಿಯೊಗೆ ಚುಚ್ಚುಮದ್ದೂ ಇದೆ. ಹೆದರಿಕೊಂಡು ಉಳಿದ ಲಸಿಕೆಗಳನ್ನು ತಪ್ಪಿಸಬೇಡಿ. ಅವನು ಆರೋಗ್ಯವಾಗಿದ್ದರೆ ನಿಮಗೂ ಕಾವಲು.

ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲವು ವಾರ ಎತ್ತುವಂತಿಲ್ಲ. ಆ ವಯಸ್ಸಿನ ಮಗು ಹನ್ನೆರಡು ಕಿಲೋ ಆಸುಪಾಸು ಇರುತ್ತದೆ. ನೀವು ಜಗಲಿ ಮೇಲೆ ಕೂತು, ಆಪರೇಷನ್ ಆಗದ ಕಡೆಯಿಂದ ಅವನೇ ಹತ್ತಿ ಬಂದು ಮಡಿಲಲ್ಲಿ ಕೂರುವುದನ್ನು ಈಗಿನಿಂದಲೇ ಆಟವಾಗಿ ರೂಢಿ ಮಾಡಿಸಿ. ಪೆಟ್ ಸ್ಕ್ಯಾನ್‌ಗೆ ವಿಕಿರಣ ಸೂಸುವ ಔಷಧಿ ಚುಚ್ಚುತ್ತಾರೆ, ಹಾಗಾಗಿ ಆ ದಿನ ಮಾತ್ರ ಕೆಲವು ಗಂಟೆ ಅವನಿಂದ ದೂರ ಇರಬೇಕಾಗುತ್ತದೆ, ಎಷ್ಟು ಹೊತ್ತು ಎಂದು ಅಲ್ಲೇ ಕೇಳಿಕೊಳ್ಳಿ.

ಕೂದಲು ಉದುರುವ ಔಷಧಿಯಾದರೆ ಎರಡು ಮೂರು ವಾರದಲ್ಲಿ ಶುರುವಾಗುತ್ತದೆ. ಇದನ್ನು ಹೇಳಲು ನಮಗೆ ಸುಲಭದ ದಾರಿಯಿದೆ. ನಂಜನಗೂಡಿನಲ್ಲೋ ನಿಮ್ಮ ಮನೆದೇವರಲ್ಲೋ ಅವನ ಮುಡಿ ತೆಗೆಸಿದ ಫೋಟೊ ಇದ್ದರೆ ತೋರಿಸಿ. "ನೋಡು, ನೀನು ಗುಂಡಾಗಿದ್ದೆ, ಆಮೇಲೆ ಕೂದ್ಲು ಬಂತಲ್ಲ? ಅಮ್ಮಂಗೂ ಬರುತ್ತೆ." ನನ್ನ ಮಗಳು ನನ್ನ ಬೋಳುತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಅಂಗೈಯಿಂದ ತಟ್ಟಿ ತಟ್ಟಿ ಕೂತಿರುತ್ತಿದ್ದಳು.

ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಬರಬಹುದು, ಹಠ ಹೆಚ್ಚಬಹುದು, ಸಿಟ್ಟಿನಲ್ಲಿ ನಿಮ್ಮನ್ನೇ ಹೊಡೆಯಬಹುದು. ಅವನಿಗೆ ಮಾತಿನಲ್ಲಿ ಹೇಳಲು ಬಾರದ್ದು ಹಾಗೆ ಬರುತ್ತದೆ. ಗದರಬೇಡಿ; ಊಟ, ನಿದ್ದೆ, ಸ್ನಾನದ ಹೊತ್ತು ಮೊದಲಿನ ಹಾಗೇ ಇರಲಿ. ವಾರಗಟ್ಟಲೆ ಊಟ ಬಿಟ್ಟರೆ, ಆಟವನ್ನೇ ಬಿಟ್ಟು ಮಂಕಾದರೆ ಮಕ್ಕಳ ವೈದ್ಯರಿಗೆ ತೋರಿಸಿ. ನಿಮಗೇ ತಡೆಯಲಾಗದಷ್ಟು ಸಂಕಟವಾದ ರಾತ್ರಿ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

"ನಂಗೇನೂ ಆಗಲ್ಲ" ಎಂದು ಮಾತ್ರ ಆಣೆ ಮಾಡಬೇಡಿ. ಇವತ್ತಿನ ಮಟ್ಟಿಗೆ ನಿಜವಾದದ್ದನ್ನು ಹೇಳಿ: "ಡಾಕ್ಟ್ರು ನೋಡ್ಕೊಳ್ತಿದಾರೆ, ಈಗ ನಾನು ನಿನ್ ಹತ್ರಾನೇ ಇದೀನಿ."

ಮುಂದಿನ ವಾರ ಹೊರಡುವ ಬೆಳಿಗ್ಗೆ ಅವನನ್ನು ಎಬ್ಬಿಸಿ. ಮುಖ ತೊಳೆಸಿ, ಹಾಲು ಕುಡಿಸಿ, "ಅಮ್ಮ ಔಷಧಿ ಹಾಕಿಸ್ಕೊಂಡು ಬರ್ತೀನಿ" ಎಂದು ಹೇಳಿ. ಅವನು ಅಳುತ್ತಾನೆ. ಅಳಲಿ, ಅತ್ತೆಯವರು ಎತ್ತಿಕೊಳ್ಳಲಿ. ನೀವು ಬಾಗಿಲಲ್ಲಿ ಒಮ್ಮೆ ತಿರುಗಿ ಕೈಬೀಸಿ, ಹೊರಡಿ.