‘ಇಟ್ಟ ಜಾಗ ತೋರಿಸುತ್ತೇನೆ’

ತುಳುವಿನಲ್ಲಿ ‘ಯಾನ್ ಮಲ್ತೆ’ ಎಂದರೆ ನಾನು ಮಾಡಿದೆ. ‘ಆಯೆ ಮಲ್ತೆ’ ಎಂದರೆ ಅವನು ಮಾಡಿದ. ಎರಡೂ ‘ಮಲ್ತೆ’ಗಳಿಗೆ ಇರುವ ವ್ಯತ್ಯಾಸ ಕೊನೆಯ ಸ್ವರದಲ್ಲಿ ಬಾಯಿ ಎಷ್ಟು ತೆರೆಯುತ್ತೇವೆ ಎಂಬುದು ಮಾತ್ರ. ಕೇರಳದ ಗಡಿನಾಡು ಕಾಸರಗೋಡಿನ ಮಂಜೇಶ್ವರದ ಕಿವಿಗೆ ಅದು ಸಲೀಸಾಗಿ ತಿಳಿಯುತ್ತದೆ. ಆದರೆ ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ಒಂದೇ. ‘ಯಾನ್’, ‘ಆಯೆ’ ಬಿಟ್ಟುಹೋದರೆ ಮಾಡಿದವನು ಯಾರು ಎಂಬುದೂ ಬಿಟ್ಟುಹೋಯಿತು.

ಹರಟೆಯಲ್ಲಾದರೆ ಇದು ತಮಾಷೆ. ಕೊಲೆ ಕೇಸಿನಲ್ಲಾದರೆ ಅಲ್ಲ.

ಒಂದು ಕೇಸನ್ನು ಕಲ್ಪಿಸಿಕೊಳ್ಳಿ. ಪೆರ್ಲದ ಕಡೆ ಅಡಿಕೆ ತೋಟದ ನಡುವೆ ಒಂಟಿ ಮನೆ. ರಾತ್ರಿ ಮನೆಯ ಅಜ್ಜಿಯ ಕೊಲೆಯಾಗಿದೆ, ಕಪಾಟಿನಲ್ಲಿದ್ದ 24 ಪವನು, ಅಂದರೆ 192 ಗ್ರಾಂ ಚಿನ್ನ ಹೋಗಿದೆ. ಸಿಕ್ಕಿಬಿದ್ದವರು ಮೂವರು: ತೋಟದ ಕೆಲಸಕ್ಕೆ ಬರುತ್ತಿದ್ದವನು, ಒಬ್ಬ ರಿಕ್ಷಾ ಚಾಲಕ, ಚಿನ್ನ ಕೊಂಡವನು. ಪತ್ರಿಕೆಯವರು ಇದನ್ನು ದರೋಡೆ ಎಂದು ಬರೆಯುತ್ತಾರೆ. ಕಾನೂನಿಗೆ ಐದು ಜನ ಸೇರಿದರೆ ಡಕಾಯಿತಿ, ಮೂವರಾದರೆ ಸುಲಿಗೆ. ಸೆಷನ್ಸ್ ಕೋರ್ಟು ಮೂವರಿಗೂ ಕೊಲೆ, ಸುಲಿಗೆ, ಒಳಸಂಚು ಮೂರನ್ನೂ ಹೊರಿಸಿ ಶಿಕ್ಷೆ ಕೊಟ್ಟಿದೆ. ಅಪೀಲು ಎರ್ನಾಕುಳಂ ಹೈಕೋರ್ಟಿಗೆ ಹೋಗಿದೆ. ಅಲ್ಲಿನ ನ್ಯಾಯಾಧೀಶರ ಎದುರು ಸಾಮಾನ್ಯವಾಗಿ ಸಾಕ್ಷಿಗಳು ಮತ್ತೆ ಬಂದು ನಿಲ್ಲುವುದಿಲ್ಲ. ಅವರ ಮುಂದಿರುವುದು ಕಾಗದ.

ಆ ಕಾಗದಗಳಲ್ಲಿ ಬಹಳ ತೂಕದ್ದು ಮೊದಲ ಆರೋಪಿಯ ಒಂದು ಸಾಲು: ‘ಚಿನ್ನ ಇಟ್ಟ ಜಾಗ ತೋರಿಸುತ್ತೇನೆ.’ ಪೊಲೀಸರ ಎದುರು ಒಪ್ಪಿಕೊಂಡ ತಪ್ಪು ಕೋರ್ಟಿನಲ್ಲಿ ನಡೆಯುವುದಿಲ್ಲ. ಆದರೆ ಆ ಮಾತಿನಿಂದ ಏನಾದರೂ ಪತ್ತೆಯಾದರೆ ಅಷ್ಟು ಭಾಗ ಮಾತ್ರ ನಡೆಯುತ್ತದೆ. 1872ರ ಸಾಕ್ಷ್ಯ ಕಾಯ್ದೆಯ 27ನೇ ಕಲಮು ಇದು. 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23ನೇ ಕಲಮಿನ ಬಾಲವಾಗಿ ಉಳಿದುಕೊಂಡಿದೆ. ಇದರ ಅಳತೆಗೋಲು ಬಂದದ್ದು ಮದ್ರಾಸ್ ಪ್ರಾಂತ್ಯದ ತೆಲುಗು ಸೀಮೆಯ ಒಂದು ಕೊಲೆ ಕೇಸಿನಿಂದ. ಆಗ ಕಾಸರಗೋಡೂ ಅದೇ ಪ್ರಾಂತ್ಯದಲ್ಲಿತ್ತು. 1947ರಲ್ಲಿ ವರದಿಯಾದ ತೀರ್ಪಿನಲ್ಲಿ ಆಗಿನ ಕೊನೆಯ ಅಪೀಲು ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಒಂದು ಉದಾಹರಣೆ ಕೊಟ್ಟಿತು. ‘ನಮ್ಮ ಮನೆಯ ಮಾಡಿನಲ್ಲಿ ಬಚ್ಚಿಟ್ಟ ಚೂರಿ ತಂದುಕೊಡುತ್ತೇನೆ’ ಎಂದರೆ ಅಲ್ಲಿ ಪತ್ತೆಯಾಗುವುದು ಚೂರಿಯಲ್ಲ. ಚೂರಿ ಅಲ್ಲಿದೆ ಎಂದು ಅವನಿಗೆ ಗೊತ್ತಿತ್ತು ಎಂಬ ಸಂಗತಿ. ‘ಅದರಿಂದಲೇ ಇರಿದೆ’ ಎಂದು ಸೇರಿಸಿದ್ದರೆ ಆ ತುಂಡನ್ನು ಕೋರ್ಟು ನೋಡುವ ಹಾಗಿಲ್ಲ.

ಸರಿ, ಅವನಿಗೆ ಗೊತ್ತಿತ್ತು. ಹೇಗೆ ಗೊತ್ತಿತ್ತು? ಮಹಾರಾಷ್ಟ್ರದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಮೂರು ದಾರಿ ಹೇಳಿತು: ತಾನೇ ಇಟ್ಟಿರಬಹುದು, ಬೇರೆಯವರು ಇಡುವುದನ್ನು ಕಂಡಿರಬಹುದು, ಯಾರೋ ಹೇಳಿರಬಹುದು. ಕೊನೆಯ ಎರಡರಲ್ಲಿ ಒಂದು ಎಂದು ಅವನು ಹೇಳದೇ ಹೋದರೆ ತಾನೇ ಇಟ್ಟ ಎಂದು ಕೋರ್ಟು ಊಹಿಸಬಹುದು.

ಇಲ್ಲಿ ವ್ಯಾಕರಣ ಬಂದು ಅಡ್ಡ ನಿಲ್ಲುತ್ತದೆ. ‘ಇಟ್ಟಿದ್ದೇನೆ’ ಎಂದರೆ ಕ್ರಿಯಾಪದದ ಬಾಲದಲ್ಲೇ ‘ನಾನು’ ಇದೆ. ‘ಇಟ್ಟ ಜಾಗ’ದಲ್ಲಿ ಯಾರೂ ಇಲ್ಲ, ನಾನು ಇಟ್ಟದ್ದೂ ಇಟ್ಟ ಜಾಗವೇ, ಅವನು ಇಟ್ಟದ್ದೂ ಇಟ್ಟ ಜಾಗವೇ. ಮಲಯಾಳದಲ್ಲಂತೂ ಪೂರ್ಣ ಕ್ರಿಯಾಪದಕ್ಕೂ ಆ ಬಾಲವಿಲ್ಲ: ನಾನು, ನೀನು, ಅವನು, ಯಾರು ಇಟ್ಟರೂ ‘ವೆಚ್ಚು’. ತುಳುವಿನಲ್ಲಿ ಹೇಳಿದ್ದು ಮಲಯಾಳದ ಮಹಜರಿಗೆ ಇಳಿದು, ಅಲ್ಲಿಂದ ಇಂಗ್ಲಿಷಿಗೆ ಏರುವಾಗ ಬರೆಯುವವರು ಎಲ್ಲಿಂದಲೋ ಒಬ್ಬ ಕರ್ತೃವನ್ನು ತಂದು ಕೂರಿಸಲೇಬೇಕು. ಆ ಕರ್ತೃವೇ ಜೀವಾವಧಿ ಹೊತ್ತುಕೊಂಡು ಹೋಗುವವನು. 2022ರಲ್ಲಿ ಕರ್ನಾಟಕದ ಒಂದು ಕೊಲೆ ಕೇಸಿನ ಅಪೀಲಿನಲ್ಲಿ ಸುಪ್ರೀಂ ಕೋರ್ಟ್ ಆರೋಪಿಯ ಬಾಯಿಂದ ಬಂದ ಮಾತುಗಳನ್ನೇ ದಾಖಲಿಸಬೇಕು ಎಂದು ಒತ್ತಿ ಹೇಳಿದ್ದು ಗಡಿನಾಡಿನ ನಮಗೆ ಎರಡು ಪಟ್ಟು ಅನ್ವಯಿಸುತ್ತದೆ.

ಚಿನ್ನ ಸಿಕ್ಕಿತು, ಇಟ್ಟವನೂ ಅವನೇ ಎಂದೇ ಇಟ್ಟುಕೊಳ್ಳೋಣ. ಕದ್ದವನೇ ಕೊಂದವನೋ? 1898ರಲ್ಲಿ ತೀರ್ಪಾದ ಒಂದು ಕೇಸು ನೋಡಿ: ಜಲ್‌ಪಾಯ್‌ಗುಡಿಯ ಚಹಾ ತೋಟದ ಮ್ಯಾನೇಜರನ ಕೊಲೆಯಾಯಿತು, ಹಣವೂ ಹೋಯಿತು. ಅಲ್ಲಿದ್ದ ಬಂಗಾಳಿ ಪಂಚಾಂಗದ ಮೇಲೆ ಹೆಬ್ಬೆರಳಿನ ಕಂದು ಗುರುತು. ಕಲ್ಕತ್ತೆಯಲ್ಲಿ 1897ರಲ್ಲಷ್ಟೇ ತೆರೆದಿದ್ದ ಬೆರಳಚ್ಚು ಕಚೇರಿಯಲ್ಲಿ ಅದು ಹಳೆಯ ಆಳೊಬ್ಬನ ಅಚ್ಚಿಗೆ ಕೂಡಿಬಂತು. ಬೆರಳಚ್ಚಿನ ಚರಿತ್ರೆಯಲ್ಲಿ ಇದು ಹೆಸರಾದ ಕೇಸು. ಜನ ಮರೆಯುವುದು ತೀರ್ಪನ್ನು: ಕಳವಿಗೆ ಶಿಕ್ಷೆ, ಕೊಲೆಗೆ ಬಿಡುಗಡೆ. ಅವನು ಪಂಚಾಂಗ ಮುಟ್ಟಿದ್ದ ಎಂದು ಹೆಬ್ಬೆರಳು ಹೇಳಿತು, ಕತ್ತಿ ಹಿಡಿದಿದ್ದ ಎಂದು ಹೇಳಲಿಲ್ಲ. ರಾಜಸ್ಥಾನದ ದೇವಸ್ಥಾನವೊಂದರ ಮಹಂತ ಮತ್ತು ಅವನ ಆಳಿನ ಕೊಲೆ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟೂ ಇದೇ ಗೆರೆ ಎಳೆಯಿತು. 1995ರ ಮಧ್ಯಪ್ರದೇಶದ ಕೇಸಿನಲ್ಲಿ ಗೆರೆ ಸರಿಯಿತು. ಕೊಲೆಯೂ ಸುಲಿಗೆಯೂ ಒಂದೇ ಏಟಿಗೆ ನಡೆದು, ಕೆಲವೇ ದಿನದಲ್ಲಿ ಒಡವೆ ಆರೋಪಿಯ ಕೈಯಲ್ಲಿ ಕಂಡು, ಹೇಗೆ ಬಂತೆಂದು ಅವನಿಂದ ವಿವರಣೆ ಇಲ್ಲದಿದ್ದರೆ ಕೊಲೆಯನ್ನೂ ಊಹಿಸಬಹುದು ಎಂದಿತು. ಹಾಗಾಗಿ ಅಪೀಲಿನಲ್ಲಿ ವಕೀಲರು ಕಿತ್ತಾಡುವುದು ದಿನಗಳ ಲೆಕ್ಕಕ್ಕೆ.

ರಿಕ್ಷಾದವನ ಮೇಲೆ ಇರುವುದು ಫೋನು. ಆ ವಾರ ಮೊದಲನೆಯವನ ಜತೆ 14 ಕರೆ. ಮಾತಾಡಿದರು ಎಂದು ಕರೆ ಪಟ್ಟಿ ಹೇಳುತ್ತದೆ, ಏನು ಮಾತಾಡಿದರು ಎಂದು ಅಲ್ಲ. ಇನ್ನು ಟವರು: ತಲಪಾಡಿಯ ಆಸುಪಾಸಿನಲ್ಲಿ ಕೂತಲ್ಲೇ ಫೋನು ಒಮ್ಮೆ ಕೇರಳ, ಒಮ್ಮೆ ಕರ್ನಾಟಕ ಎನ್ನುವುದು ನಮಗೆಲ್ಲ ಗೊತ್ತು. ಫೋನು ಹಿಡಿಯುವುದು ಹತ್ತಿರದ ಟವರನ್ನಲ್ಲ, ಆ ಕ್ಷಣ ಗಟ್ಟಿ ಸಿಗ್ನಲ್ ಕೊಟ್ಟದ್ದನ್ನು. ನಡುವೆ ಮುರಕಲ್ಲಿನ ಗುಡ್ಡವಿದ್ದರೆ ಪಕ್ಕದ ಟವರು ಕಾಣದೆ ಕಣಿವೆಯಾಚೆಯದು ಸಿಕ್ಕೀತು. ಆದ್ದರಿಂದ ಟವರಿನ ದಾಖಲೆ ಹೇಳುವುದು ಒಂದು ಹೋಬಳಿಯನ್ನು, ಮನೆಯ ಅಂಗಳವನ್ನಲ್ಲ. ಒಳಸಂಚಿನ ತಿರುಳು ಒಪ್ಪಂದ, ಬರೀ ಒಡನಾಟವಲ್ಲ. ರಾಜೀವ್ ಗಾಂಧಿ ಹತ್ಯೆ ಕೇಸಿನಲ್ಲಿ ವಿಚಾರಣಾ ಕೋರ್ಟು 26 ಜನರಿಗೂ ಗಲ್ಲು ವಿಧಿಸಿತ್ತು. 1999ರಲ್ಲಿ ಸುಪ್ರೀಂ ಕೋರ್ಟ್ ಕೊಲೆಯ ಸಂಚಿನಿಂದ 19 ಜನರನ್ನು ಹೊರಗಿಟ್ಟಿತು. ಅವರಲ್ಲಿ ಸಂಚುಗಾರರಿಗೆ ಪರಿಚಯದವರೂ ಇದ್ದರು, ಸಹಾಯ ಮಾಡಿದವರೂ ಇದ್ದರು.

ಎಲ್ಲವನ್ನೂ ಒಟ್ಟಿಗೆ ಕಟ್ಟಿದರೆ ಗಟ್ಟಿಯಾಗುವುದಿಲ್ಲವೇ? ಇಲ್ಲಿ ಗಣಿತ ಎರಡು ಕಡೆಯಿಂದಲೂ ಮೋಸ ಮಾಡುತ್ತದೆ. 1964ರ ಲಾಸ್ ಏಂಜಲಿಸ್ ಸುಲಿಗೆ ಕೇಸಿನಲ್ಲಿ ಗಡ್ಡ, ಮೀಸೆ, ಹಳದಿ ಕಾರು, ಜುಟ್ಟು ಎಂದು ಒಂದೊಂದರ ಸಂಭವವನ್ನು ಗುಣಿಸಿ, ಆರೋಪಿಗಳಂಥ ಗಂಡು ಹೆಣ್ಣಿನ ಜೋಡಿ 1.2 ಕೋಟಿಗೆ ಒಂದು ಎಂದು ಸರಕಾರಿ ವಕೀಲರು ವಾದಿಸಿದರು. ಗಡ್ಡ ಬಿಟ್ಟವರಲ್ಲಿ ಬಹಳ ಮಂದಿಗೆ ಮೀಸೆಯೂ ಇರುತ್ತದೆ. ಒಂದನ್ನೊಂದು ಅವಲಂಬಿಸಿದ್ದನ್ನು ಹಾಗೆ ಗುಣಿಸಲು ಬರುವುದಿಲ್ಲ. 1968ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿತು. ಅತ್ತ ಕಡೆ, ಒಂದರ ಮೇಲೊಂದು ನಿಂತ ಆರು ಊಹೆಗಳು, ಒಂದೊಂದೂ ನೂರಕ್ಕೆ 90 ನಂಬಲರ್ಹ ಎನ್ನಿ. ಆರೂ ಒಟ್ಟಿಗೆ ನಿಜವಾಗಿರುವ ಸಂಭವ 53 ಮಾತ್ರ. ಯಾವ ನ್ಯಾಯಾಧೀಶರೂ ಹೀಗೆ ಲೆಕ್ಕ ಹಾಕುವುದಿಲ್ಲ, ಹಾಕಲೂಬಾರದು ಎಂಬುದು ನನ್ನ ಅಭಿಪ್ರಾಯ. ಆದರೆ ಸರಪಳಿಯ ಪ್ರತಿ ಕೊಂಡಿಯನ್ನೂ ಬೇರೆಬೇರೆಯಾಗಿ ಎಳೆದು ನೋಡಬೇಕು ಎಂದು 1984ರಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಐದು ಸೂತ್ರಗಳ ಹಿಂದೆ ಇದೇ ಅಂಜಿಕೆ ಇದೆ ಅನ್ನಿಸುತ್ತದೆ.

ನಮ್ಮ ಪೆರ್ಲದ ಕೇಸಿಗೆ ಬಂದರೆ, ರಿಕ್ಷಾದವನು ಹೊರಗೆ ಬರುವುದು ಬಹುತೇಕ ಖಚಿತ. ಚಿನ್ನ ಕೊಂಡವನಿಗೆ ಕಳವು ಮಾಲೆಂದು ಗೊತ್ತಿತ್ತು ಎಂದಾದರೆ ಗರಿಷ್ಠ ಮೂರು ವರ್ಷ. ಮೊದಲನೆಯವನ ಕಡತವನ್ನು ನ್ಯಾಯಾಧೀಶರು ಮತ್ತೆ ಬಿಡಿಸುತ್ತಾರೆ, ಇಂಗ್ಲಿಷ್ ಅನುವಾದ ಪಕ್ಕಕ್ಕಿಟ್ಟು ಮೂಲ ಮಹಜರು ಕೇಳುತ್ತಾರೆ: ಇವನು ನಿಜವಾಗಿ ಹೇಳಿದ್ದು ಏನು?