ಬಿಲ್‌ನಲ್ಲಿರಬೇಕಾದ ಆ ಒಂದು ಸಾಲು

"ಅಕ್ಕಾ, ಇದು ನಿಜಾನಾ, ಇಲ್ಲ ಯಾರಾದ್ರೂ ಟೋಪಿ ಹಾಕ್ತಿದಾರಾ?" ಅಂತ ಕೇಳಿ, ಡಲ್ಲಾಸ್‌ನಲ್ಲಿರುವ ಹಾಸನದ ಹುಡುಗನೊಬ್ಬ ಒಂದು ಪೋಸ್ಟ್‌ಕಾರ್ಡಿನ ಫೋಟೋ ಕಳಿಸಿದ್ದ. ಮೇಲೆ ಕೋರ್ಟಿನ ಹೆಸರು, ಕೆಳಗೆ ಇರುವೆ ಸಾಲಿನಂಥ ಅಕ್ಷರ, ನಡುವೆ ಅವನ ಕಾರಿನ 17 ಅಕ್ಷರ-ಅಂಕಿಗಳ ವಿನ್ ನಂಬರ್, ಅಂದರೆ ಕಾರಿನ ಗುರುತಿನ ಸಂಖ್ಯೆ. ಕಾರಿನ ದೋಷದ ಕೇಸಿನಲ್ಲಿ ಸೆಟ್ಲ್‌ಮೆಂಟ್, ಅಂದರೆ ರಾಜಿ ಆಗಿದೆ, ರಿಪೇರಿ ಹಣ ವಾಪಸ್ ಕೇಳಬಹುದು ಅನ್ನುವ ನೋಟಿಸ್ ಅದು. ಪಿಜ್ಜಾ ಕೂಪನ್‌ಗಳ ಜೊತೆ ಕಸದ ಬುಟ್ಟಿಗೆ ಹಾಕಿದ್ದನಂತೆ. ಯಾಕೋ ಮನಸ್ಸು ತಡೆಯದೆ ಮತ್ತೆ ಹೆಕ್ಕಿ ತೆಗೆದಿದ್ದ.

ನಾನು ಅಮೆರಿಕದಲ್ಲಿ ಇಂಥ ಸೆಟ್ಲ್‌ಮೆಂಟ್‌ಗಳ ಕ್ಲೇಮ್ ಅರ್ಜಿ ಪರಿಶೀಲಿಸುವ ಕಚೇರಿಯಲ್ಲಿ ಏಳು ವರ್ಷ ಕೂತವಳು. ಅಂದರೆ ಆ ಪೋಸ್ಟ್‌ಕಾರ್ಡ್ ಕಳಿಸುವವರ ಕಡೆಯವಳು. ಬಹಳಷ್ಟು ಕಾರ್ಡುಗಳು ಎಲ್ಲಿಗೆ ಹೋಗುತ್ತವೆ ಅಂತ ನನಗೆ ಗೊತ್ತು. ಗ್ರಾಹಕರ ಹಿತ ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ಕ್ಲಾಸ್ ಆಕ್ಷನ್, ಅಂದರೆ ಸಾಮೂಹಿಕ ದಾವೆಗಳ ಸೆಟ್ಲ್‌ಮೆಂಟ್‌ಗಳ ಬಗ್ಗೆ ಒಂದು ವರದಿ ತಂದಿತು. ನೋಟಿಸ್ ಹೋದ ಜನರಲ್ಲಿ ಅರ್ಜಿ ಹಾಕಿದವರು, ದೊಡ್ಡ ಕೇಸುಗಳಿಗೆ ಅವುಗಳ ತೂಕ ಕೊಟ್ಟು ಲೆಕ್ಕ ಹಾಕಿದರೆ, ನೂರಕ್ಕೆ 4 ಮಂದಿ. ಉಳಿದವರದ್ದು ಪಿಜ್ಜಾ ಕೂಪನ್ ಜೊತೆಗೇ ಹೋಯಿತು.

ವಿಷಯ ಇಷ್ಟೇ. ಒಬ್ಬನ ಕಾರಿನ ರಿಪೇರಿಗೆ ನಾಲ್ಕು ಸಾವಿರ ಡಾಲರ್ ಹೋದರೆ, ಅದಕ್ಕೋಸ್ಕರ ವಕೀಲರನ್ನು ಹಿಡಿದರೆ ಕೈಯಿಂದ ಇನ್ನೂ ಜಾಸ್ತಿ ಹೋಗುತ್ತದೆ. ಅದಕ್ಕೆ ಕೆಲವರು ಎಲ್ಲರ ಪರವಾಗಿ ಒಂದೇ ದಾವೆ ಹಾಕುತ್ತಾರೆ. ಫೆಡರಲ್ ಸಿವಿಲ್ ಕೇಸುಗಳ ನಿಯಮ 23 ಇದಕ್ಕೆ ದಾರಿ ಮಾಡಿಕೊಟ್ಟಿದೆ. ಎರಡೂ ಕಡೆಯವರು ರಾಜಿಯಾದರೆ ಅಲ್ಲಿಗೇ ಮುಗಿಯುವುದಿಲ್ಲ, ಒಪ್ಪಂದ ನ್ಯಾಯವಾಗಿದೆ ಅಂತ ನ್ಯಾಯಾಧೀಶರು ಒಪ್ಪಬೇಕು. ಇಲ್ಲಿ ಜನ ಎಡವುವುದು ಎಲ್ಲಿ ಅಂದರೆ, ಸುಮ್ನೆ ಇದ್ದರೆ ನೀವು ಒಪ್ಪಂದದ ಹೊರಗಿದ್ದೀರಿ ಅಂತಲ್ಲ. ಒಳಗೇ ಇದ್ದೀರಿ. ಹೊರಗೆ ಬರಬೇಕಾದರೆ ಗಡುವಿನೊಳಗೆ ಬರೆದು ತಿಳಿಸಬೇಕು. ಅದೂ ಮಾಡದೆ, ಅರ್ಜಿಯನ್ನೂ ಹಾಕದಿದ್ದರೆ ರಿಪೇರಿ ಹಣವೂ ಬರುವುದಿಲ್ಲ, ಅದೇ ದೋಷಕ್ಕೆ ಮುಂದೆ ಬೇರೆ ದಾವೆ ಹಾಕುವ ಹಕ್ಕೂ ಹೋಗುತ್ತದೆ.

ದೊಡ್ಡದೊಂದು ಉದಾಹರಣೆ ಹ್ಯುಂಡೈ ಮತ್ತು ಕಿಯಾ ಕಾರುಗಳ ಥೀಟಾ 2 ಎಂಜಿನ್ ಕೇಸು. 2011ರಿಂದ 2019ರ ಮಾಡೆಲ್‌ಗಳ ಸೊನಾಟಾ, ಆಪ್ಟಿಮಾ ಮುಂತಾದ ಕಾರುಗಳು ಇದರಲ್ಲಿದ್ದವು. ಮೊದಲ ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಕಾರುಗಳನ್ನು ವಾಪಸ್ ಕರೆಯುವುದು, 2015ರಲ್ಲಿ, ಸುಮಾರು 4,70,000 ಸೊನಾಟಾಗಳಿಗೆ. ಕಾರ್ಖಾನೆಯಲ್ಲಿ ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಅನ್ನುವ ದಂಡ ಕೊರೆಯುವಾಗ ಲೋಹದ ಚೂರು ಒಳಗೇ ಉಳಿದಿತ್ತು. ಅದು ಆಯಿಲ್ ಹರಿಯುವ ದಾರಿಗೆ ಅಡ್ಡ ಬಂದರೆ ಕನೆಕ್ಟಿಂಗ್ ರಾಡ್ ಬೇರಿಂಗ್ ಒಣಗುತ್ತದೆ. ಮೊದಲು ಎಂಜಿನ್ ಕಟಕಟ ಅನ್ನುತ್ತದೆ. ಆಮೇಲೆ ಹೈವೇ ಮಧ್ಯೆ ನಿಂತೇಬಿಡುತ್ತದೆ. ರೀಕಾಲ್ ತಡವಾಯಿತು ಅನ್ನುವ ವಿಚಾರವಾಗಿ 2020ರಲ್ಲಿ ಎರಡೂ ಕಂಪನಿಗಳು ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆಯ ಜೊತೆ ಒಟ್ಟು 210 ಮಿಲಿಯನ್ ಡಾಲರ್ ಮೊತ್ತದ ಒಪ್ಪಂದಕ್ಕೆ ಬಂದವು. 

ಕಾರಿನ ಮಾಲೀಕರಿಗೆ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟು 2021ರಲ್ಲಿ ಅಂತಿಮವಾಗಿ ಒಪ್ಪಿದ ಸೆಟ್ಲ್‌ಮೆಂಟಿನಿಂದ. ಬೇರಿಂಗ್ ದೋಷಕ್ಕೆ ಎಂಜಿನ್ನಿನ ಆಯುಷ್ಯಪೂರ್ತಿ ವಾರಂಟಿ, ಆದರೆ ಬೇರಿಂಗ್ ಕೆಡುವ ಸೂಚನೆಯನ್ನು ಮೊದಲೇ ಹಿಡಿಯುವ ನಾಕ್ ಸೆನ್ಸರ್ ಸಾಫ್ಟ್‌ವೇರ್ ಹಾಕಿಸಿಕೊಂಡಿರಬೇಕು. ಜೊತೆಗೆ ಅದುವರೆಗೆ ಕೈಯಿಂದ ಕೊಟ್ಟ ರಿಪೇರಿ, ಟೋ (ಕೆಟ್ಟ ಕಾರನ್ನು ಎಳೆಸಿದ್ದು), ಬಾಡಿಗೆ ಕಾರಿನ ಖರ್ಚು ವಾಪಸ್ ಕೇಳಲು ಅವಕಾಶವಿತ್ತು.

ಈಗ ನನ್ನ ಮೇಜಿಗೆ ಬರೋಣ. ಅರ್ಜಿ ನೋಡುವವರಿಗೆ ನಿಮ್ಮ ಕಷ್ಟ ಕಾಣಿಸುವುದಿಲ್ಲ. ಮಳೆಯಲ್ಲಿ ಮಗುವನ್ನು ಎತ್ತಿಕೊಂಡು ರಸ್ತೆ ಬದಿ ನಿಂತಿರಿ ಅಂತ ಎರಡು ಪುಟ ಬರೆದವರಿದ್ದಾರೆ. ಓದಿ ಹೊಟ್ಟೆ ಚುರುಕ್ ಅಂದರೂ ಆ ಪುಟಕ್ಕೆ ಅರ್ಜಿಯಲ್ಲಿ ಜಾಗವಿಲ್ಲ. ನಾವು ಹುಡುಕುವುದು ಕಾಗದದಲ್ಲಿ ಕೆಲವೇ ಸಂಗತಿ: ಯಾವ ಕಾರು, ಯಾವ ದಿನ, ಎಷ್ಟು ಮೈಲಿ ಓಡಿತ್ತು, ಏನು ಕೆಟ್ಟಿತ್ತು, ಯಾರು ಎಷ್ಟು ಕೊಟ್ಟರು.

ಇದರಲ್ಲಿ 'ಏನು ಕೆಟ್ಟಿತ್ತು' ಅನ್ನುವುದೇ ಅರ್ಧಕ್ಕರ್ಧ ಅರ್ಜಿಗಳನ್ನು ಮುಳುಗಿಸುವುದು. ಅಮೆರಿಕದ ಗ್ಯಾರೇಜುಗಳಲ್ಲಿ ಬಿಲ್ ಬರೆಯಲು ಒಂದು ಹಳೆಯ ಪದ್ಧತಿಯಿದೆ, ಮೂರು 'ಸಿ' ಅನ್ನುತ್ತಾರೆ. ಕಂಪ್ಲೇಂಟ್, ಕಾಸ್, ಕರೆಕ್ಷನ್. ಗಿರಾಕಿ ಏನು ಹೇಳಿದ, ನಿಜವಾಗಿ ಏನು ಕೆಟ್ಟಿತ್ತು, ಏನು ಮಾಡಿದೆವು. ಡೀಲರ್ ಬಿಲ್‌ನಲ್ಲಿ ಸಾಮಾನ್ಯವಾಗಿ ಮೂರೂ ಇರುತ್ತವೆ. ಮನೆ ಹತ್ತಿರದ ಗ್ಯಾರೇಜಿನಲ್ಲಿ ಕಥೆ ಬೇರೆ. 'ಎಂಜಿನ್ ಬದಲಾಯಿಸಿದೆ, 4,200 ಡಾಲರ್' ಅಂತ ಒಂದೇ ಸಾಲು. ಸೆಟ್ಲ್‌ಮೆಂಟ್ ಹಣ ಕೊಡುವುದು ಎಂಜಿನ್ ಬದಲಾಯಿಸಿದ್ದಕ್ಕಲ್ಲ, ಇಂಥ ಭಾಗದ ಇಂಥ ದೋಷದಿಂದ ಬದಲಾಯಿಸಿದ್ದಕ್ಕೆ. ಟೈಮಿಂಗ್ ಬೆಲ್ಟ್ ಕಿತ್ತುಹೋದರೂ ಎಂಜಿನ್ ಬದಲಾಯಿಸುತ್ತಾರೆ, ನೀರು ನುಗ್ಗಿದರೂ ಬದಲಾಯಿಸುತ್ತಾರೆ. ಪರಿಶೀಲಿಸುವವರು ಊಹೆ ಮಾಡುವ ಹಾಗಿಲ್ಲ.

ಹಾಗಾಗಿ ನಾನು ಎಲ್ಲರಿಗೂ ಹೇಳುವ ಮೊದಲ ಮಾತು, ಅರ್ಜಿ ತುಂಬುವುದಕ್ಕಿಂತ ಮುಂಚೆ ಗ್ಯಾರೇಜಿಗೆ ಫೋನ್ ಮಾಡಿ. ಹಳೆಯ ಕೆಲಸದ ದಾಖಲೆ ಅವರ ಕಂಪ್ಯೂಟರಿನಲ್ಲಿ ಇರಬಹುದು. ಮೆಕ್ಯಾನಿಕ್ ಆಗ ಬರೆದಿಟ್ಟುಕೊಂಡ ಟಿಪ್ಪಣಿ ಸಿಗಬಹುದು. ಲೆಟರ್‌ಹೆಡ್‌ನಲ್ಲಿ ಏನು ನೋಡಿದೆ ಅಂತ ಬರೆದು ಸಹಿ ಹಾಕಿಕೊಟ್ಟರೂ ಎಷ್ಟೋ ಸಲ ಸಾಕಾಗುತ್ತದೆ. ನೋಡಿದ್ದನ್ನು ಮಾತ್ರ ಬರೆಸಿ. ಈ ಅರ್ಜಿಗಳಿಗೆ ಸುಳ್ಳು ಹೇಳಿದರೆ ಶಿಕ್ಷೆಯಿದೆ ಅನ್ನುವ ಷರತ್ತಿನ ಕೆಳಗೆ ಸಹಿ ಹಾಕಿರುತ್ತೀರಿ. ಹೊಸದಾಗಿ ಹುಟ್ಟಿದ ಹಳೆಯ ಬಿಲ್ ಗುರುತಿಸುವುದು ನಮಗೆ ಕಷ್ಟವೂ ಅಲ್ಲ.

ಬಿಲ್ ಇದ್ದರೆ ಹಣ ಕೊಟ್ಟಂತೆ ಆಗಲಿಲ್ಲ. ಕಾರ್ಡ್ ಸ್ಟೇಟ್‌ಮೆಂಟ್, ಚೆಕ್ಕಿನ ಪ್ರತಿ, ಇಲ್ಲವೇ 'ಬಾಕಿ ಇಲ್ಲ' ಅನ್ನುವ ರಸೀದಿ ಬೇಕು. ನಮ್ಮವರು ಕ್ಯಾಶ್ ಕೊಟ್ಟು ಐವತ್ತು ಡಾಲರ್ ಬಿಡಿಸಿಕೊಳ್ಳುತ್ತಾರೆ ನೋಡಿ, ಅದು ಇಲ್ಲಿ ತಿರುಗಿ ಕಚ್ಚುತ್ತದೆ.

ಆಯಿಲ್ ಚೇಂಜ್ ರಸೀದಿಗಳನ್ನೂ ಬಿಸಾಡಬೇಡಿ. ಎಂಜಿನ್ ಕೇಸುಗಳಲ್ಲಿ ಮಾಲೀಕರು ಕಾರನ್ನು ತೀರಾ ಕಡೆಗಣಿಸಿದ್ದರೆ ಕೊಡುವುದಿಲ್ಲ ಅನ್ನುವ ಕಲಮು ಇರುತ್ತದೆ. ಡೀಲರ್ ಹತ್ತಿರವೇ ಮಾಡಿಸಿರಬೇಕು ಅಂತೇನಿಲ್ಲ. ಮ್ಯಾಗ್ನುಸನ್-ಮಾಸ್ ಅನ್ನುವ 1975ರ ವಾರಂಟಿ ಕಾನೂನಿನ ಪ್ರಕಾರ, ಹೊರಗಡೆ ಸರ್ವಿಸ್ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ತಪ್ಪಿಸುವಂತಿಲ್ಲ. ಮನೆ ಮುಂದೆ ನೀವೇ ಆಯಿಲ್ ಬದಲಾಯಿಸಿದ್ದರೆ ಡಬ್ಬಿ, ಫಿಲ್ಟರ್ ಕೊಂಡ ರಸೀದಿ ಇಟ್ಟುಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು 'ನಮಗೆ ಅನ್ವಯಿಸಲ್ಲ ಅಲ್ವಾ' ಅಂದುಕೊಂಡು ಬಿಡುತ್ತಾರೆ. ಅಲ್ಲಿಗೆ ಓದಲು ಹೋದ ನಮ್ಮ ಹುಡುಗರ ಹತ್ತಿರ ಇರುವುದೇ ಮೂರನೇ ಕೈ ಕಾರು. ಬಹುತೇಕ ಸೆಟ್ಲ್‌ಮೆಂಟ್‌ಗಳಲ್ಲಿ ಅವರೂ ಸೇರುತ್ತಾರೆ. ಆಮೇಲೆ ಮಾರಿದ್ದರೂ, ರಿಪೇರಿಗೆ ಹಣ ಕೊಟ್ಟವರು ನೀವಾದರೆ ಕೇಳಬಹುದು. ಬೆಂಗಳೂರಿಗೆ ವಾಪಸ್ ಬಂದವರು ಮೊದಲು ವಿಳಾಸ ಬದಲಾವಣೆ ತಿಳಿಸಬೇಕು. ಚೆಕ್ಕಿಗೆ ಅವಧಿ ಇರುತ್ತದೆ. ಡಾಲರ್ ಚೆಕ್ ಇಲ್ಲಿ ಜಮಾ ಮಾಡುವುದು ತಲೆನೋವು, ಆನ್‌ಲೈನ್ ಪಾವತಿ ಇದ್ದರೆ ಅದನ್ನೇ ಆರಿಸಿ. ಅಂದ ಹಾಗೆ, ಕ್ಲೇಮ್ ಕಚೇರಿ ಅರ್ಜಿಗೆ ಶುಲ್ಕ ಕೇಳುವುದಿಲ್ಲ. ಯಾರಾದರೂ ಕೇಳಿದರೆ ಅದು ಟೋಪಿಯೇ.

'ಅರ್ಜಿ ಅಪೂರ್ಣ' ಅಂತ ಪತ್ರ ಬಂದರೆ ಜನ ಅಲ್ಲಿಗೇ ಕೈ ಚೆಲ್ಲುತ್ತಾರೆ. ಅದು ತಿರಸ್ಕಾರ ಅಲ್ಲ. ಯಾವ ಕಾಗದ ಕಡಿಮೆ ಅಂತ ಅದರಲ್ಲೇ ಬರೆದಿರುತ್ತದೆ, ಉತ್ತರಿಸಲು ದಿನವೂ ಕೊಟ್ಟಿರುತ್ತದೆ. ಕೆಟ್ಟ ಇಂಗ್ಲಿಷಿನಲ್ಲಿ ಬರೆದಿರುತ್ತೇವೆ, ಒಪ್ಪುತ್ತೇನೆ.

ಹಾಸನದ ಹುಡುಗನಿಗೂ ಅಂಥದೇ ಪತ್ರ ಬಂತು. ಬಿಲ್‌ನಲ್ಲಿ ದೋಷದ ಮಾತೇ ಇರಲಿಲ್ಲ. ಗ್ಯಾರೇಜಿಗೆ ಹೋಗಿ ಕೇಳಿದ. ಮೆಕ್ಯಾನಿಕ್ ಆ ದಿನ ತನ್ನ ಫೋನಿನಲ್ಲಿ ತೆಗೆದಿದ್ದ ಫೋಟೋ ಇನ್ನೂ ಇತ್ತು, ಸವೆದ ಭಾಗ ಅದರಲ್ಲಿ ಎದ್ದು ಕಾಣುತ್ತಿತ್ತು. ಅವರು ಅದರ ಜೊತೆ ಆರು ಸಾಲು ಬರೆದುಕೊಟ್ಟರು. ರಿಪೇರಿಯ ಹಣ ಪೂರ್ತಿ ಬಂತು. ಟೋ ಮಾಡಿದವನಿಗೆ ಕೊಟ್ಟ 180 ಡಾಲರ್ ಬರಲಿಲ್ಲ. ಕ್ಯಾಶ್ ಕೊಟ್ಟಿದ್ದ, ರಸೀದಿ ಕೇಳಿರಲಿಲ್ಲ.