ರಿಸಲ್ಟ್ ಬಂದಿಲ್ಲ ಮೇಡಂ

ಎಂ.ಎಸ್ಸಿ. ನಾಲ್ಕನೇ ಸೆಮಿಸ್ಟರ್ ಅರ್ಧ ದಾಟಿದ ಮೇಲೆ ಪ್ರತಿ ವರ್ಷ ಯಾರೋ ಒಬ್ಬರು ನನ್ನ ರೂಮಿನ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ಕೈಯಲ್ಲಿ ಪೆಟ್ರಿ ಪ್ಲೇಟು, ಮುಖ ಸಣ್ಣದಾಗಿರುತ್ತದೆ. ಬಾಯಲ್ಲಿ ಅದೇ ಮಾತು: "ಮೇಡಂ, ರಿಸಲ್ಟ್ ಬಂದಿಲ್ಲ."

ಪ್ಲೇಟು ತೆಗೆದುಕೊಂಡು ಬೆಳಕಿಗೆ ಹಿಡಿಯುತ್ತೇನೆ. ಬ್ಯಾಕ್ಟೀರಿಯಾ ಹಾಲಿನ ಕೆನೆಯ ಹಾಗೆ ಒಂದೇ ಸಮ ಬೆಳೆದು, ಎಲೆ ರಸ ಹಾಕಿದ ಕಾಗದದ ಡಿಸ್ಕಿನ ಅಂಚಿಗೇ ಬಂದು ಮುಟ್ಟಿದೆ. "ಬಂದಿದೆಯಲ್ಲಮ್ಮ. ನಿನ್ನ ಎಲೆ ರಸಕ್ಕೆ ಇದು ಜಗ್ಗಲಿಲ್ಲ. ಅದೇ ರಿಸಲ್ಟು" ಎನ್ನುತ್ತೇನೆ. ಅವರು ನಂಬುವುದಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ಎಂ.ಎಸ್ಸಿ. ಮುಗಿಸಲು ಏನೇನು ಬೇಕು ಎಂಬುದು ನಿಮಗೆ ಗೊತ್ತೇ ಇದೆ. ಕ್ರೆಡಿಟ್, 75 ಪರ್ಸೆಂಟ್ ಹಾಜರಿ, ಇಂಟರ್ನಲ್ಸ್, ಥಿಯರಿ, ಪ್ರಾಕ್ಟಿಕಲ್, ಕೊನೆಗೆ ಪ್ರಾಜೆಕ್ಟ್ ಮತ್ತು ವೈವಾ. ವಿವರಗಳು ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಥರ, ನಿಮ್ಮಲ್ಲಿಯ ನಿಯಮ ಓದಿಕೊಳ್ಳಿ. ನನ್ನ ತಕರಾರು ಪ್ರಾಜೆಕ್ಟಿನ ಬಗ್ಗೆ ಮಾತ್ರ. ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗ, ಅಂದರೆ ಜೋನ್, ಬಂದರೆ ಪಾಸು, ಬರದಿದ್ದರೆ ಫೇಲು ಎಂದು ಈ ಮಕ್ಕಳ ತಲೆಗೆ ಯಾರು ತುಂಬಿದರೋ ಗೊತ್ತಿಲ್ಲ.

ಒಮ್ಮೆ ಒಬ್ಬಳ ಅಪ್ಪ ಫೋನ್ ಮಾಡಿದ್ದರು. ಅಡಿಕೆ ತೋಟದವರು. "ಮೇಡಂ, ಮಗಳ ಎಕ್ಸ್‌ಪೆರಿಮೆಂಟು ಫೇಲಾಯ್ತಂತೆ. ಒಂದು ವರ್ಷ ಹೋದ ಹಾಗೇನಾ?"

"ಈ ಸಲ ನಿಮ್ಮ ತೋಟಕ್ಕೆ ಕೊಳೆ ರೋಗ ಬಂತಾ?" ಎಂದು ಕೇಳಿದೆ.

"ಬಂತು ಮೇಡಂ. ಒಂದು ಸಲ ಬೋರ್ಡೊ ಹೊಡೆದಿದ್ವಿ. ಮಳೆ ಬಿಡಲೇ ಇಲ್ಲ, ಎರಡನೇದು ಹೊಡೆಯೋದು ತಡ ಆಯ್ತು."

"ನೋಡಿ, ಔಷಧಿ ಹೊಡೆದರೂ ರೋಗ ಬಂತು, ಯಾಕೆ ಬಂತು ಅಂತ ನಿಮಗೆ ಗೊತ್ತು. ನಿಮ್ಮ ಮಗಳು ಬರೆಯಬೇಕಾಗಿರುವುದೂ ಇಷ್ಟೇ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಂಗಾರೆ ಪಾಸಾಗ್ತಾಳಾ?" ಅಂದರು.

ನಮ್ಮ ವಿಭಾಗದಲ್ಲಿ ಅರ್ಧಕ್ಕರ್ಧ ಪ್ರಾಜೆಕ್ಟ್ ಒಂದೇ ಅಚ್ಚಿನವು. ತುಳಸಿ, ಬೇವು, ದೊಡ್ಡಪತ್ರೆ, ಯಾವುದೋ ಒಂದು ಎಲೆ. ನೆರಳಲ್ಲಿ ಒಣಗಿಸಿ ಪುಡಿ ಮಾಡಿ, ಮೆಥನಾಲ್‌ನಲ್ಲಿ ನೆನೆಸಿ ಸತ್ವ ತೆಗೆಯುವುದು. ಅದನ್ನು 6 ಮಿ.ಮೀ. ಅಗಲದ ಕಾಗದದ ಡಿಸ್ಕಿಗೆ ಹಾಕಿ, ಇ. ಕೋಲೈ ಬ್ಯಾಕ್ಟೀರಿಯಾ ಹರಡಿದ ಅಗರ್ ಎಂಬ ಜೆಲ್ಲಿಯ ಮೇಲೆ ಇಡುವುದು. ರಾತ್ರಿಯೆಲ್ಲ 37 ಡಿಗ್ರಿಯಲ್ಲಿಟ್ಟು, ಬೆಳಿಗ್ಗೆ ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತ ಡಿಸ್ಕೂ ಸೇರಿ ಎಷ್ಟು ಅಗಲವಿದೆ ಎಂದು ಸ್ಕೇಲಿನಲ್ಲಿ ಅಳೆಯುವುದು. ಆ ವೃತ್ತಕ್ಕೇ ಜೋನ್ ಅನ್ನುತ್ತೇವೆ. ವಿಷಯ ಹಳತು, ಇರಲಿ. ಕೈ ಪಳಗಲು ಒಳ್ಳೆಯದು.

ಜೋನ್ ಬರಲಿಲ್ಲ ಎಂದರೆ ಎಲೆಯಲ್ಲಿ ಶಕ್ತಿಯಿಲ್ಲ ಎಂದೂ ಅಲ್ಲ. ಅಗರ್‌ನಲ್ಲಿ ಬಹುಪಾಲು ನೀರೇ ಇರುವುದು. ತುಳಸಿಯಂಥ ಎಲೆಯ ಪರಿಮಳದ ಎಣ್ಣೆ ನೀರಿನಲ್ಲಿ ಸುಲಭವಾಗಿ ಹರಡುವುದಿಲ್ಲ, ಡಿಸ್ಕಿನಲ್ಲೇ ಕೂತುಬಿಡಬಹುದು. ಅಗರ್ ದಪ್ಪ ಸುರಿದಿರಬಹುದು. ಬ್ಯಾಕ್ಟೀರಿಯಾ ಜಾಸ್ತಿ ಹಾಕಿರಬಹುದು. ಅಥವಾ ಎಲೆಗೆ ನಿಜವಾಗಿಯೂ ಆ ಶಕ್ತಿ ಇಲ್ಲದಿರಬಹುದು. ಇದರಲ್ಲಿ ಯಾವುದು ಎಂದು ಹುಡುಕಿದರೆ ಡಿಸ್ಕಶನ್ ಅಧ್ಯಾಯಕ್ಕೆ ನಾಲ್ಕು ಪುಟ ತಾನಾಗಿ ಬರುತ್ತದೆ. ಆದರೆ ಅದಕ್ಕೆ ಎರಡು ಡಿಸ್ಕು ಪಕ್ಕದಲ್ಲೇ ಇರಬೇಕು. ಒಂದರಲ್ಲಿ ಬರೀ ಮೆಥನಾಲ್, ಇನ್ನೊಂದರಲ್ಲಿ ಗೊತ್ತಿರುವ ಆಂಟಿಬಯಾಟಿಕ್. ಆಂಟಿಬಯಾಟಿಕ್ ಸುತ್ತಲೂ ಜೋನ್ ಇಲ್ಲ ಅಂದರೆ ಪ್ರಯೋಗವೇ ಕೆಟ್ಟಿದೆ, ಮತ್ತೆ ಮಾಡಿ. ಬರೀ ಮೆಥನಾಲಿಗೂ ಜೋನ್ ಬಂದರೆ ನೀವು ಎಲೆಯನ್ನಲ್ಲ, ಮೆಥನಾಲನ್ನು ಪರೀಕ್ಷೆ ಮಾಡಿದ್ದೀರಿ. ಈ ಎರಡು ಕಂಟ್ರೋಲ್ ಇಲ್ಲದ ರಿಪೋರ್ಟಿನಲ್ಲಿ ಎಷ್ಟು ದೊಡ್ಡ ಜೋನ್ ಇದ್ದರೂ ನನಗೆ ಅದು ಖಾಲಿ ಹಾಳೆಯೇ.

ನನ್ನ ಸಿಟ್ಟಿರುವುದು ಜೋನ್ ಬರದವರ ಮೇಲಲ್ಲ, ಬರಿಸಿಕೊಂಡವರ ಮೇಲೆ. ಎಕ್ಸ್‌ಟರ್ನಲ್ ಪರೀಕ್ಷಕಿಯಾಗಿ ಒಂದು ಕಡೆ ವೈವಾಕ್ಕೆ ಹೋಗಿದ್ದೆ. ಟೇಬಲ್ಲಿನಲ್ಲಿ ಮೂರು ಪ್ಲೇಟಿನ ಅಳತೆ: 14, 14, 14. ಮುಂದಿನ ಸಾಲು 16, 16, 16. ಜೀವ ಇರುವ ವಸ್ತು ಹೀಗೆ ಕವಾಯತು ಮಾಡುವುದಿಲ್ಲಪ್ಪ. "ಲ್ಯಾಬ್ ನೋಟ್‌ಬುಕ್ ತೋರಿಸು" ಅಂದೆ. "ಹಾಸ್ಟೆಲ್‌ನಲ್ಲಿದೆ ಮೇಡಂ." ಪ್ಲೇಟಿನ ಫೋಟೊ? "ಮೊಬೈಲ್ ಕಳೆದುಹೋಯ್ತು ಮೇಡಂ." ಪಾಪ, ಗೈಡ್ ಕಿಟಕಿಯ ಕಡೆ ನೋಡುತ್ತಾ ಕೂತಿದ್ದರು.

ಬಟಾಣಿ ಗಿಡಗಳಲ್ಲಿ ಅನುವಂಶೀಯತೆಯ ನಿಯಮ ಕಂಡ ಮೆಂಡೆಲ್‌ನನ್ನೇ ಬಿಟ್ಟಿಲ್ಲ ಜನ. ಅವನ ಬಟಾಣಿ ಲೆಕ್ಕ ಇರಬೇಕಾದ್ದಕ್ಕಿಂತ ಚೆನ್ನಾಗಿ ಹೊಂದುತ್ತದಲ್ಲ ಎಂದು 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ಅನುಮಾನ ಎತ್ತಿದ. ಆ ವಾದ ಬಹಳ ಕಾಲ ನಡೆಯಿತು. ಹುಡುಗರಿಗೆ ನಾನು ಹೇಳುವುದು ಮೆಂಡೆಲ್‌ನ ಇನ್ನೊಂದು ಕತೆ. ಬಟಾಣಿ ಆದಮೇಲೆ ಅವನು ಹಾಕ್‌ವೀಡ್ ಎಂಬ, ಸೇವಂತಿಗೆ ಕುಟುಂಬದ ಗಿಡ ಹಿಡಿದ. ಬಟಾಣಿಯ ಲೆಕ್ಕ ಅಲ್ಲಿ ಬರಲೇ ಇಲ್ಲ. ಬಂದದ್ದನ್ನೇ 1869ರಲ್ಲಿ ವಿಜ್ಞಾನ ಸಂಘದ ಸಭೆಗೆ ಹೋಗಿ ಓದಿದ. ಆ ಗಿಡ ಬಹಳಷ್ಟು ಸಲ ಪರಾಗದ ಹಂಗಿಲ್ಲದೆ ತಾಯಿಯ ನಕಲಿನಂಥ ಬೀಜ ಕಟ್ಟುತ್ತದೆ ಎಂದು ಗೊತ್ತಾಗಿದ್ದು ಅವನು ತೀರಿಹೋದ ಮೇಲೆ.

ಸಂಖ್ಯೆ ಕಟ್ಟಿದವರು ಸಾಮಾನ್ಯವಾಗಿ ವಾಕ್ಯವನ್ನೂ ಎಲ್ಲಿಂದಲೋ ಎತ್ತಿರುತ್ತಾರೆ. ಅದಕ್ಕೆ ಯುಜಿಸಿಯ 2018ರ ನಿಯಮ ಇದೆ. ಬೇರೆಯವರ ಬರಹದ ಜೊತೆ ಹೋಲಿಕೆ 10 ಪರ್ಸೆಂಟ್‌ವರೆಗೆ ದಂಡ ಇಲ್ಲ. 10 ದಾಟಿ 40ರವರೆಗೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಅದಕ್ಕೆ ಹೆಚ್ಚೆಂದರೆ 6 ತಿಂಗಳು. 40 ದಾಟಿದರೆ ಒಂದು ವರ್ಷ ಸಲ್ಲಿಸುವ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಇದು ಪಿಎಚ್.ಡಿ.ಯವರಿಗೆ ಮಾತ್ರ ಎಂದು ಸುಮ್ನೆ ಕೂರಬೇಡಿ. ಆದರೆ ಸಾಫ್ಟ್‌ವೇರಿಗೆ ಕದ್ದ ವಾಕ್ಯ ಕಾಣುತ್ತದೆ, ಕಟ್ಟಿದ 14 ಕಾಣುವುದಿಲ್ಲ. ಅದನ್ನು ನೋಡಲು ವೈವಾ ಟೇಬಲ್ಲಿನಲ್ಲಿ ಮನುಷ್ಯರೇ ಕೂತಿರಬೇಕು. ಎಲ್ಲ ಪರೀಕ್ಷಕರೂ ನನ್ನಂತೆ ಕೆದಕುತ್ತಾರೆ ಎಂದೂ ಹೇಳಲಾರೆ.

ಅಡಿಕೆ ತೋಟದವರ ಮಗಳು ಜೋನ್ ಇಲ್ಲದ ಪ್ಲೇಟುಗಳ ಫೋಟೊ ಹಾಕಿಯೇ ರಿಪೋರ್ಟ್ ಕೊಟ್ಟಳು. ಅಗರ್ ತೆಳ್ಳಗೆ ಸುರಿದು ಇನ್ನೊಮ್ಮೆ ನೋಡಿದ್ದಳು. ಆಗಲೂ ಇಲ್ಲ. ಎಕ್ಸ್‌ಟರ್ನಲ್ ಅವಳ ಹತ್ತಿರ ಮುಕ್ಕಾಲು ಗಂಟೆ ಮಾತಾಡಿದರು. ನಮ್ಮ ಊಟ ತಡವಾಯಿತು.

ಈ ವರ್ಷ ಬಂದವನದು ಬೇರೆ ಥರ. ಮುಖ ಅರಳಿತ್ತು. "ಮೇಡಂ, ಎಲ್ಲ ಪ್ಲೇಟಲ್ಲೂ 6 ಮಿ.ಮೀ. ಜೋನ್!" ನಾನು ಡ್ರಾಯರಿನಿಂದ ಒಂದು ಹೊಸ ಖಾಲಿ ಡಿಸ್ಕು ತೆಗೆದು, ಸ್ಕೇಲಿನ ಜೊತೆ ಅವನ ಮುಂದಿಟ್ಟೆ. ಅಳೆದ. ಇನ್ನೊಮ್ಮೆ ಅಳೆದ. ಕಿವಿ ಕೆಂಪಾಯಿತು, ಏನೂ ಹೇಳದೆ ಹೋದ. ಮಾರನೇ ದಿನ ಬೆಳಿಗ್ಗೆ ಏಳಕ್ಕೆ ಲ್ಯಾಬ್ ಅಟೆಂಡರ್ ಫೋನು: "ಮೇಡಂ, ನಿಮ್ಮ ಹುಡುಗ ಬಾಗಿಲ ಹತ್ರ ನಿಂತಿದ್ದಾನೆ. ಪ್ಲೇಟು ಮತ್ತೆ ಮಾಡೋಕೆ ಆಟೋಕ್ಲೇವ್ ಬೇಕಂತೆ. ಕೀ ಕೊಡ್ಲಾ?"